ಹಿಂಡಿ ನೋಡಿ ವೈನ್ ಆರಿಸಿ

(ಕಲಬುರಗಿಯಲ್ಲಿ ಒಂದು ಭಾನುವಾರ ಸಂಜೆ, ನಮ್ಮ ಬಡಾವಣೆಯ ಸಣ್ಣ ಸಭಾಭವನದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೂತವರು ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಮಾಡೋಣ. ನಿನ್ನೆ ರಾತ್ರಿ ನೀವು ಉಂಡ ತಾಟನ್ನು ಒಮ್ಮೆ ನೆನಪು ಮಾಡಿಕೊಳ್ಳಿ.

ಬಿಸಿ ಜೋಳದ ರೊಟ್ಟಿ. ಪಕ್ಕದಲ್ಲಿ ಒಂದು ಪಲ್ಯ, ಎಣಗಾಯಿಯೋ ಪುಂಡಿಪಲ್ಯವೋ. ಒಂದು ಕಾಳು. ತಾಟಿನ ಒಂದು ಅಂಚಿನಲ್ಲಿ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಅದರ ಮೇಲೆ ಒಂದು ಚಮಚ ಎಣ್ಣೆ. ಇನ್ನೊಂದು ಅಂಚಿನಲ್ಲಿ ಕೆಂಪು ಹಿಂಡಿ, ಅಂದರೆ ಮೆಣಸಿನಕಾಯಿ ಕುಟ್ಟಿದ ಕೆಂಪು ಚಟ್ನಿ. ಕಡಿಯಲು ಉಳ್ಳಾಗಡ್ಡಿ, ಎಳೆ ಮೆಂತ್ಯ ಸೊಪ್ಪು. ಕೊನೆಗೆ ಅನ್ನ, ತೊಗರಿ ಬ್ಯಾಳಿ ಸಾರು, ಮೊಸರು.

ಇದರಲ್ಲಿ ಯಾವ ಎರಡು ತುತ್ತೂ ಒಂದೇ ಥರ ಇರುವುದಿಲ್ಲ, ಅಲ್ವಾ? ಒಂದು ತುತ್ತು ಹುಳಿ, ಮುಂದಿನದು ಖಾರ, ಅದರ ಮುಂದಿನದು ಬರೀ ರೊಟ್ಟಿ ಮತ್ತು ಬೆಣ್ಣೆ. ನಾವು ಉಣ್ಣುವುದೇ ಹಾಗೆ. ವೈನ್ ಬಗ್ಗೆ ಬರೆದ ಹೆಚ್ಚಿನ ಸಲಹೆಗಳು ಹುಟ್ಟಿದ್ದು ಯುರೋಪಿನಲ್ಲಿ. ಅಲ್ಲಿ ಒಂದು ತಾಟು ಮುಗಿದ ಮೇಲೆ ಇನ್ನೊಂದು ಬರುತ್ತದೆ. ಮೀನಿಗೆ ಇದು, ಮಾಂಸಕ್ಕೆ ಅದು ಎಂದು ಹೇಳುವುದು ಅಲ್ಲಿ ಸುಲಭ. ನಮ್ಮಲ್ಲಿ ಎಲ್ಲವೂ ಒಟ್ಟಿಗೆ ಬರುತ್ತದೆ. ಹಾಗಾದರೆ ಯಾವುದಕ್ಕೆ ಹೊಂದಿಸಬೇಕು? ತಾಟಿನ ನಡುವೆ ಇರುವ ಪಲ್ಯಕ್ಕೋ, ಅಂಚಿನಲ್ಲಿರುವ ಹಿಂಡಿಗೋ?

ಹಿಂಡಿಗೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ನಾನು ಈ ಊರಿನವಳು. ಆಹಾರ ವಿಜ್ಞಾನ ಓದಿ, ನಾಸಿಕದ ಕಡೆ ಒಂದು ವೈನರಿಯ ಪ್ರಯೋಗಾಲಯದಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ದಿನವೂ ದ್ರಾಕ್ಷಿ ರಸದ ಸಕ್ಕರೆ, ಹುಳಿ ಅಳೆಯುವ ಕೆಲಸ. ಊರಿಗೆ ವಾಪಸ್ ಬಂದ ಮೇಲೆ ಮನೆಯವರಿಗೆ ಒಂದು ಒಳ್ಳೆಯ ವೈನ್ ಕುಡಿಸಬೇಕೆಂಬ ಆಸೆ ಆಯಿತು. ಪೇಟೆಗೆ ಹೋಗಿ ದುಬಾರಿಯ ಒಂದು ಕ್ಯಾಬರ್ನೆ ಸೊವಿನ್ಯೋನ್ ತಂದೆ. ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಕೆಂಪು ವೈನ್. ಏಪ್ರಿಲ್ ತಿಂಗಳು. ಬಾಟಲಿಯನ್ನು ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದೆ. ಅತ್ತೆ ಎಣಗಾಯಿ ಮಾಡಿದ್ದರು, ಜೊತೆಗೆ ಹೊಸದಾಗಿ ಕುಟ್ಟಿದ ಕೆಂಪು ಹಿಂಡಿ. ನನ್ನ ಮೈದುನ ಒಂದು ತುತ್ತು ರೊಟ್ಟಿ ಹಿಂಡಿ ತಿಂದು ಒಂದು ಗುಟುಕು ಕುಡಿದ. "ವೈನಿ, ಬಾಯಾಗ ಬೆಂಕಿ ಬಿದ್ದಂಗಾತಲ್ರಿ" ಅಂದ. (ನಮ್ಮ ಕಡೆ ವೈನಿ ಅಂದರೆ ಅತ್ತಿಗೆ.) ಕಣ್ಣಲ್ಲಿ ನೀರು. ಉಳಿದ ವೈನನ್ನು ಆ ರಾತ್ರಿ ಯಾರೂ ಮುಟ್ಟಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ತಪ್ಪು ಹಿಂಡಿಯದ್ದಲ್ಲ, ವೈನಿನದ್ದೂ ಅಲ್ಲ. ಎರಡನ್ನೂ ಒಂದೇ ಬಾಯಲ್ಲಿ ಹಾಕಿದ್ದೇ ತಪ್ಪು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ತಿಳಿದರೆ ಉಳಿದದ್ದನ್ನೆಲ್ಲ ನೀವೇ ಲೆಕ್ಕ ಹಾಕಬಹುದು.

ಮೆಣಸಿನಕಾಯಿಯ ಖಾರ ನಿಜವಾಗಿ ಒಂದು ರುಚಿಯಲ್ಲ. ಅದರಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು, ಬಿಸಿ ತಾಗಿದಾಗ ಎಚ್ಚರಿಸುವ ನರವನ್ನು ಕೆಣಕುತ್ತದೆ. ಅದಕ್ಕೇ 'ಬಾಯಿ ಸುಡುತ್ತಿದೆ' ಅನ್ನುತ್ತೇವೆ. ಆಲ್ಕೋಹಾಲ್ ಕೂಡ ಅದೇ ನರವನ್ನು ಕೆಣಕುತ್ತದೆ. ಹಾಗಾಗಿ ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಉರಿ ಜಾಸ್ತಿ. ಕೆಂಪು ವೈನಿನಲ್ಲಿ ಇನ್ನೊಂದಿದೆ: ಟ್ಯಾನಿನ್. ನಮ್ಮ ಭಾಷೆಯಲ್ಲಿ ಅದಕ್ಕೆ ಒಳ್ಳೆಯ ಹೆಸರೇ ಇದೆ, ಒಗರು. ನೇರಳೆ ಹಣ್ಣು ತಿಂದಾಗ, ಕಡು ಚಹಾ ಕುಡಿದಾಗ ನಾಲಿಗೆ ಒಣಗಿ ಹಿಡಿದ ಹಾಗೆ ಆಗುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಈ ಒಗರು ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಬಾಯಿ ಒಣಗುತ್ತದೆ. ಉರಿಯುತ್ತಿರುವ ಬಾಯಿ ಒಣಗಿದರೆ ಹೇಗಿರುತ್ತದೆ ಅಂತ ನನ್ನ ಮೈದುನನನ್ನು ಕೇಳಿ.

ಇನ್ನು ಖಾರವನ್ನು ತಗ್ಗಿಸುವುದು ಯಾವುದು? ಸಿಹಿ. ತಂಪು. ಒಂದಿಷ್ಟು ಹುಳಿ. ಕೆಂಪು ಹಿಂಡಿಗೆ ಬೆಲ್ಲ ಹಾಕಿ, ನಿಂಬೆಹಣ್ಣು ಹಿಂಡುವ ಮನೆಗಳು ಎಷ್ಟಿಲ್ಲ! ಅದರ ಹಿಂದಿನ ಲೆಕ್ಕ ಇದೇ.

ಹಾಗಾದರೆ ನಮ್ಮ ದಿನದ ಊಟಕ್ಕೆ ಬೇಕಾದ ವೈನ್ ಯಾವುದು? ಒಗರು ಕಡಿಮೆ, ಆಲ್ಕೋಹಾಲ್ ಕಡಿಮೆ, ಹಣ್ಣಿನ ವಾಸನೆ ಜಾಸ್ತಿ, ಹುಳಿ ಚುರುಕಾಗಿ, ಎಲ್ಲೋ ಒಂದು ಎಳೆ ಸಿಹಿ ಇರುವಂಥದ್ದು. ಮತ್ತು ತಣ್ಣಗೆ. ಇದು ದುಬಾರಿ ವೈನಿನ ವಿವರಣೆಯಲ್ಲ. ನಮ್ಮ ದೇಶದಲ್ಲಿ ಮಾಡುವ ಶೆನಿನ್ ಬ್ಲಾಂಕ್ ಎಂಬ ಸಾಧಾರಣ ಬೆಲೆಯ ಬಿಳಿ ವೈನಿನ ವಿವರಣೆ. ನಾಸಿಕದಲ್ಲಿ ಬೆಳೆಯುವ ಶೆನಿನ್‌ನಲ್ಲಿ ಹೆಚ್ಚಿನದು ಸ್ವಲ್ಪ ಸಿಹಿ ಉಳಿಸಿಕೊಂಡೇ ಬಾಟಲಿಗೆ ಬರುತ್ತದೆ. ವೈನ್ ಬಲ್ಲವರು ಎನಿಸಿಕೊಂಡ ಕೆಲವರು ಇದನ್ನು ಹಗುರವಾಗಿ ನೋಡುತ್ತಾರೆ. ನಮ್ಮ ರೊಟ್ಟಿ ಊಟದ ಮುಂದೆ ಇಟ್ಟು ನೋಡಿದರೆ, ಅವರು ಹೊಗಳುವ ಗಟ್ಟಿ ಕೆಂಪು ವೈನಿಗಿಂತ ಇದೇ ಗೆಲ್ಲುತ್ತದೆ. ಇದನ್ನು ನಾನು ಒಂದಲ್ಲ, ಹತ್ತಾರು ಊಟಗಳಲ್ಲಿ ನೋಡಿದ್ದೇನೆ.

ಇಲ್ಲಿ ಒಬ್ಬರು ಕೇಳಿದರು, "ನಮ್ಮ ಪಕ್ಕದ ವಿಜಯಪುರದಾಗ ಇಷ್ಟು ದ್ರಾಕ್ಷಿ ಬೆಳಿತಾರ, ಆ ದ್ರಾಕ್ಷಿದೇ ಏನ್ರಿ ಇದು?" ಒಳ್ಳೆಯ ಪ್ರಶ್ನೆ. ವಿಜಯಪುರದಲ್ಲಿ ಹೆಚ್ಚಾಗಿ ಬೆಳೆಯುವುದು ತಿನ್ನುವ ದ್ರಾಕ್ಷಿ. ಥಾಮ್ಸನ್ ಸೀಡ್‌ಲೆಸ್ ಥರದ ತಳಿ. ತಿನ್ನಲು, ಒಣದ್ರಾಕ್ಷಿ ಮಾಡಲು ಅದು ಸರಿ. ವೈನಿನ ದ್ರಾಕ್ಷಿ ಬೇರೆ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನಲು ಅಷ್ಟು ಸುಖವಿಲ್ಲ, ಆದರೆ ರುಚಿಯೆಲ್ಲ ಆ ಸಿಪ್ಪೆಯಲ್ಲೇ ಇರುತ್ತದೆ. ಯುರೋಪಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೊಯ್ಲು. ನಮ್ಮಲ್ಲಿ ಆ ತಿಂಗಳುಗಳಲ್ಲಿ ಬಳ್ಳಿ ಕತ್ತರಿಸುತ್ತಾರೆ, ಕೊಯ್ಲು ಜನವರಿಯಿಂದ ಮಾರ್ಚ್ ಒಳಗೆ. ಚಳಿಗಾಲದ ರಾತ್ರಿಗಳು ದ್ರಾಕ್ಷಿಯ ಹುಳಿಯನ್ನು ಕಾಪಾಡುತ್ತವೆ. ಬೇಸಿಗೆ ಏರಿದರೆ ಹುಳಿ ಇಳಿದು ಬರೀ ಸಕ್ಕರೆ ಉಳಿಯುತ್ತದೆ. ನಮಗೆ ಹತ್ತಿರದಲ್ಲೇ, ಸೊಲ್ಲಾಪುರ ಜಿಲ್ಲೆಯ ಅಕಲೂಜ್‌ನಲ್ಲಿ, ಇಟಲಿಯ ಸ್ಯಾಂಜೊವೇಸೆ ಎಂಬ ಕೆಂಪು ತಳಿಯನ್ನೂ ಬೆಳೆಯುತ್ತಾರೆ. ನಮ್ಮ ರಾಜ್ಯದಲ್ಲಿ ನಂದಿ ಬೆಟ್ಟದ ಬದಿಯಲ್ಲಿ ವೈನ್ ದ್ರಾಕ್ಷಿ ಇದೆ, ಹಂಪಿಯ ಕಡೆಯೂ ಇದೆ.

ಇನ್ನು ನಮ್ಮ ಕಡೆ 'ವೈನ್ಸ್' ಅಂತ ಬೋರ್ಡ್ ಇರುವ ಅಂಗಡಿಗಳ ಮಾತು. ಅಲ್ಲಿ ವಿಸ್ಕಿ, ರಮ್, ಬಿಯರ್ ರಾಶಿ ಇರುತ್ತದೆ, ವೈನ್ ಮಾತ್ರ ಒಂದು ಮೂಲೆಯಲ್ಲಿ ನಾಲ್ಕು ಬಾಟಲಿ. ಆ ನಾಲ್ಕರಲ್ಲಿ ಎರಡು ಪೋರ್ಟ್ ಎಂದು ಬರೆದ ಸಿಹಿ ಕೆಂಪು ಪಾನೀಯ. ವೈನ್ ಅಂದರೆ ಸಿಹಿ ಕೆಮ್ಮಿನ ಔಷಧದ ಹಾಗಿರುತ್ತದೆ ಎಂದು ಬಹಳ ಜನ ತಿಳಿದಿರುವುದು ಇದರಿಂದಲೇ. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಬಾಟಲಿಯ ಮೇಲಿನ ವರ್ಷ. ದಿನದ ಬಿಳಿ ವೈನ್, ಗುಲಾಬಿ ಬಣ್ಣದ ರೋಸೆ ವೈನ್ ಎರಡು ವರ್ಷದೊಳಗಿನದು ಇರಲಿ. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಇವಕ್ಕೆ ಹೊಂದುವುದಿಲ್ಲ. ಎರಡು, ಬಾಟಲಿ ಎಲ್ಲಿ ಇತ್ತು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರೆ ಬೇಡ. ಒಮ್ಮೆ ನಾನು ಒಂದು ಅಂಗಡಿಯಿಂದ ಹಾಗೆ ಬಿಸಿಲಲ್ಲಿ ನಿಂತ ಬಿಳಿ ವೈನ್ ತಂದೆ. ತೆರೆದರೆ ಬೇಯಿಸಿದ ಸೇಬಿನ ವಾಸನೆ, ಬಣ್ಣ ಕಂದು. ಸಾರಿಗೂ ಹಾಕುವ ಹಾಗಿರಲಿಲ್ಲ. ಒಳಗೆ ತಂಪಲ್ಲಿ ಇಟ್ಟಿರುವ ಬಾಟಲಿ ಕೊಡಿ ಅಂತ ಕೇಳಲು ಸಂಕೋಚ ಬೇಡ. ತಿರುಗಿಸಿ ತೆಗೆಯುವ ಮುಚ್ಚಳ ಇದ್ದರೆ ಕೀಳು ಅಂತಲೂ ತಿಳಿಯಬೇಡಿ. ಮನೆಗೆ ಅದೇ ಅನುಕೂಲ.

ಈಗ ನಮ್ಮ ಅಡುಗೆಗೆ ಬರೋಣ.

ಪುಂಡಿಪಲ್ಯದಿಂದ ಶುರು ಮಾಡುತ್ತೇನೆ, ಯಾಕೆಂದರೆ ನನಗೆ ಎಲ್ಲಕ್ಕಿಂತ ಇಷ್ಟ ಅದು. ಪುಂಡಿ ಸೊಪ್ಪಿನ ಹುಳಿ ಜೋರು. ಊಟದ ಹುಳಿ ಜಾಸ್ತಿ ಇದ್ದು ವೈನಿನ ಹುಳಿ ಕಡಿಮೆ ಇದ್ದರೆ, ವೈನ್ ಸಪ್ಪೆ ನೀರಿನ ಹಾಗೆ ಆಗಿಬಿಡುತ್ತದೆ. ಆದ್ದರಿಂದ ಇಲ್ಲಿ ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್. ಅದರ ಹುಳಿ ಪುಂಡಿಯ ಎದುರು ನಿಲ್ಲುತ್ತದೆ. ಅದರಲ್ಲಿ ಹಸಿ ಹುಲ್ಲು, ದೊಣ್ಣೆಮೆಣಸಿನಕಾಯಿಯ ವಾಸನೆಯೂ ಇರುತ್ತದೆ. ಸೊಪ್ಪಿನ ಜೊತೆ ಆ ವಾಸನೆ ಸೇರಿದಾಗ ಎರಡೂ ಒಂದೇ ಹೊಲದಿಂದ ಬಂದವು ಅನಿಸುತ್ತದೆ. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಮೇಲಿಂದ ಹಾಕಿ, ಎಣ್ಣೆ ಧಾರಾಳವಾಗಿ ಹಾಕಿ. ಎಣ್ಣೆ ಇದ್ದರೆ ಹುಳಿ ಹುಳಿ ಸೇರಿ ಬಾಯಿ ಕಿರಿಯುವುದಿಲ್ಲ.

ಎಣಗಾಯಿ ಹಾಗಲ್ಲ. ಅದರಲ್ಲಿ ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆ, ಬೆಲ್ಲ, ಮಸಾಲೆ ಖಾರ ಎಲ್ಲ ಇದೆ. ಎಣ್ಣೆ ತೇಲುತ್ತಿರುತ್ತದೆ. ಬೆಲ್ಲ ಇರುವಲ್ಲಿ ಸ್ವಲ್ಪವೂ ಸಿಹಿ ಇಲ್ಲದ ವೈನ್ ಕೊಟ್ಟರೆ ಅದು ಬರೀ ಹುಳಿಯಾಗಿ ಕಾಣುತ್ತದೆ. ಇದಕ್ಕೆ ರೋಸೆ ಸರಿ. ಕೆಂಪು ದ್ರಾಕ್ಷಿಯ ಸಿಪ್ಪೆಯನ್ನು ಕೆಲವೇ ಗಂಟೆ ರಸದಲ್ಲಿ ಇಟ್ಟು ತೆಗೆದರೆ ಬಣ್ಣ ಗುಲಾಬಿ ಬರುತ್ತದೆ, ಒಗರು ಹೆಚ್ಚು ಇಳಿಯುವುದಿಲ್ಲ. ಜಿನ್‌ಫಂಡೆಲ್ ದ್ರಾಕ್ಷಿಯಿಂದ ಮಾಡಿದ ರೋಸೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ನನ್ನ ಮೈದುನ ಈಗ ಎಣಗಾಯಿಗೆ ಕೇಳುವುದು ಅದನ್ನೇ.

ಶೇಂಗಾ ಹಿಂಡಿ ವೈನಿನ ಗೆಳೆಯ. ಕೊಬ್ಬು, ಉಪ್ಪು ಎರಡೂ ಇದೆ. ಕೊಬ್ಬು, ಉಪ್ಪು ಇರುವ ಕಡೆ ಒಗರು ಮೆತ್ತಗಾಗುತ್ತದೆ. ಖಾರ ಕಡಿಮೆ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಇದ್ದರೆ ಹಗುರ ಕೆಂಪು ವೈನ್ ಕೂಡ ನಡೆಯುತ್ತದೆ. ಗುರೆಳ್ಳು ಹಿಂಡಿಗೆ ಮಾತ್ರ ಕೆಂಪು ಬೇಡ. ಗುರೆಳ್ಳಿನಲ್ಲಿ ಸಣ್ಣದೊಂದು ಕಹಿ ಇದೆ, ಒಗರಿನ ಜೊತೆ ಸೇರಿದರೆ ಆ ಕಹಿ ಎದ್ದು ಕೂರುತ್ತದೆ. ಕೆಂಪು ಹಿಂಡಿಯ ವಿಷಯದಲ್ಲಿ ಮೆಣಸಿನಕಾಯಿ ಯಾವುದು ಎಂದು ಅಡುಗೆ ಮಾಡಿದವರನ್ನು ಕೇಳಿ. ಬ್ಯಾಡಗಿಯಾದರೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರಾದರೆ ಖಾರ ಮುಂದೆ. ಗುಂಟೂರಿನ ಹಿಂಡಿ ತಾಟಿನಲ್ಲಿದ್ದರೆ ಪಲ್ಯ ಯಾವುದೇ ಇರಲಿ, ನಾನು ಸಿಹಿ ಇರುವ ತಣ್ಣನೆಯ ಶೆನಿನ್‌ಗೆ ಕೈ ಹಾಕುತ್ತೇನೆ. ಹಿಂಡಿ ನೋಡಿ ಆರಿಸಿ ಅಂದದ್ದು ಇದಕ್ಕೇ.

ಝುಣಕ, ಮಿರ್ಚಿ ಭಜಿ, ಸಂಜೆಯ ಸುಸಲಾ. ಇವಕ್ಕೆಲ್ಲ ನೊರೆ ಬರುವ ವೈನ್. ಕರಿದ ಎಣ್ಣೆಯನ್ನು, ಕಡಲೆಹಿಟ್ಟಿನ ಅಂಟನ್ನು ಆ ಗುಳ್ಳೆಗಳು ನಾಲಿಗೆಯಿಂದ ಎತ್ತಿಕೊಂಡು ಹೋಗುತ್ತವೆ. ಆದರೆ ಮಿರ್ಚಿ ಖಾರದ್ದಾದರೆ ಗುಳ್ಳೆ ಚುಚ್ಚುತ್ತದೆ, ಆಗ ಬೇಡ.

ಮಾಂಸದ ಊಟ ಮಾಡುವವರಿಗೆ ನಮ್ಮ ತಹರಿ ಇದೆ, ಮಾಂಸ ಹಾಕಿ ಮಾಡುವ ಮಸಾಲೆ ಅನ್ನ. ತಹರಿಗೆ ಶಿರಾಜ್ ಎಂಬ ಕೆಂಪು ವೈನ್ ಒಪ್ಪುತ್ತದೆ, ಓಕ್ ವಾಸನೆ ಕಡಿಮೆ ಇರುವ ಎಳೆಯ ಶಿರಾಜ್. ಶಿರಾಜ್ ಕುಡಿದಾಗ ಎಲ್ಲೋ ಕರಿಮೆಣಸಿನ ವಾಸನೆ ಬರುತ್ತದೆ. ಅದು ಬರೀ ಕಲ್ಪನೆಯಲ್ಲ. ರೊಟಂಡೋನ್ ಎಂಬ ಒಂದೇ ವಸ್ತು ಕರಿಮೆಣಸಿನಲ್ಲೂ ಇದೆ, ಶಿರಾಜ್ ದ್ರಾಕ್ಷಿಯಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು 2008ರಲ್ಲಿ ಪ್ರಕಟಿಸಿದರು. ನಾನು ಇದನ್ನು ಓದಿದ ದಿನ ಅಡುಗೆಮನೆಗೆ ಓಡಿ ಮೆಣಸು ಜಜ್ಜಿ ಮೂಸಿ ನೋಡಿದೆ. ಯಾದಗಿರಿ ಕಡೆ ಭೀಮೆಯ ಮೀನು ಹುರಿದರೆ ನಿಂಬೆಹಣ್ಣಿನ ಜಾಗದಲ್ಲಿ ಸೊವಿನ್ಯೋನ್ ಬ್ಲಾಂಕ್ ಇಡಿ, ಸಾಕು.

ಬ್ಯಾಳಿ ಸಾರು ಅನ್ನಕ್ಕೆ ಯಾವುದು? ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದರ ಬ್ಯಾಳಿಗೆ ಅದರದ್ದೇ ಆದ ಒಂದು ಸಿಹಿ ಇದೆ. ಅಷ್ಟು ಹೊತ್ತಿಗೆ ಗ್ಲಾಸಿನಲ್ಲಿ ಬಿಳಿ ವೈನ್ ಉಳಿದಿದ್ದರೆ ಅದನ್ನೇ ಮುಗಿಸಿ, ಬೇರೆ ಬೇಡ. ಮೊಸರನ್ನಕ್ಕೆ ವೈನ್ ಬೇಡ. ಹೋಳಿಗೆಗೂ ಬೇಡ. ಹೋಳಿಗೆಯ ಸಿಹಿಯ ಮುಂದೆ ದಿನದ ವೈನ್ ಯಾವುದಾದರೂ ಹುಳಿ ನೀರಾಗುತ್ತದೆ. ಅದಕ್ಕೆ ತುಪ್ಪ ಇದೆ, ಹಾಲಿದೆ. ಅವಕ್ಕಿಂತ ಮೇಲಿನ ಜೋಡಿಯನ್ನು ನಾನಂತೂ ಕಂಡಿಲ್ಲ. ಹಸಿ ಉಳ್ಳಾಗಡ್ಡಿಯನ್ನು ಮಾತ್ರ ವೈನ್ ಇರುವ ದಿನ ಸ್ವಲ್ಪ ದೂರ ಇಡಿ. ಅದರ ಘಾಟಿನ ಮುಂದೆ ವೈನಿನ ವಾಸನೆ ಉಳಿಯುವುದಿಲ್ಲ. ಸವತಿಕಾಯಿ ಕಡಿಯಿರಿ.

ತಂಪಿನ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನಲ್ಲಿ ಇದು ಅರ್ಧ ಕೆಲಸ. ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕೊಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾರ ಮನೆಯ ರೂಮು? ಯುರೋಪಿನ ಹಳೆಯ ಕಲ್ಲಿನ ಮನೆಯದು, 16ರಿಂದ 18 ಡಿಗ್ರಿ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 40 ದಾಟಿರುತ್ತದೆ, ಒಳಗೆ ಫ್ಯಾನ್ ಕೆಳಗೂ 33, 34. ಆ ಬಿಸಿಯಲ್ಲಿ ಕೆಂಪು ವೈನಿನಿಂದ ಬರೀ ಆಲ್ಕೋಹಾಲಿನ ಘಾಟು ಮೂಗಿಗೆ ಬಡಿಯುತ್ತದೆ. ನನ್ನ ಮೊದಲ ಬಾಟಲಿ ಕೆಟ್ಟ ರುಚಿ ಕೊಡಲು ಇದೂ ಒಂದು ಕಾರಣ. ಹಾಗಾಗಿ ಕೆಂಪು ವೈನನ್ನೂ ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ ಇಡಿ. ಬಿಳಿ, ರೋಸೆ ಮೂರು ಗಂಟೆ. ಗ್ಲಾಸಿಗೆ ಸುರಿಯುವಾಗ ಬಿಳಿ 8ರಿಂದ 10 ಡಿಗ್ರಿ ಇದ್ದರೆ ಚೆನ್ನ.

ಕರೆಂಟ್ ಹೋಗಿದ್ದರೆ? ಬಕೆಟ್‌ನಲ್ಲಿ ನೀರು, ಐಸ್, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ. ಇಪ್ಪತ್ತು ನಿಮಿಷ ಸಾಕು. ಬರೀ ಐಸಿಗಿಂತ ಐಸ್ ನೀರು ಬೇಗ ತಂಪು ಮಾಡುತ್ತದೆ, ನೀರು ಬಾಟಲಿಯನ್ನು ಎಲ್ಲ ಕಡೆ ಮುಟ್ಟುತ್ತದಲ್ಲ. ಐಸೂ ಇಲ್ಲವಾದರೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬರುವ ಕಿಟಕಿಯಲ್ಲಿ ಇಡಿ. ನಮ್ಮ ಒಣ ಬೇಸಿಗೆಯಲ್ಲಿ ಮಣ್ಣಿನ ಗಡಿಗೆ ನೀರನ್ನು ತಂಪಾಗಿಡುವ ರೀತಿಯೇ ಇದು. ಫ್ರಿಜ್‌ನಷ್ಟು ತಂಪಾಗುವುದಿಲ್ಲ, ಆದರೆ ಕೆಂಪು ವೈನಿಗೆ ಅಷ್ಟಾದರೂ ಆಗಲೇಬೇಕು.

ಬೀದರಿನಿಂದ ಬಂದಿದ್ದ ಒಬ್ಬ ಹಿರಿಯರು ಕೇಳಿದರು, "ನಮ್ಮನ್ಯಾಗ ಹಳೆ ಬಿದ್ರಿ ಸುರಾಹಿ ಅದ. ಅದರಾಗ ಹಾಕಿದ್ರ ಚಂದ ಕಾಣ್ತದ, ಹಾಕಬಹುದೇನು?" ದಯವಿಟ್ಟು ಬೇಡ. ಬಿದ್ರಿ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ವೈನ್ ಹುಳಿ. ಹುಳಿ ಸತುವನ್ನು ಕರಗಿಸುತ್ತದೆ. ವೈನೂ ಕೆಡುತ್ತದೆ, ಹೊಟ್ಟೆಗೂ ಆಗದು, ಅಷ್ಟು ಚಂದದ ಬೆಳ್ಳಿ ಕುಸುರಿಯ ಕೆಲಸವೂ ಹಾಳು. ಸುರಾಹಿಯನ್ನು ಊಟದ ನಡುವೆ ನೋಡಲು ಇಡಿ, ಕುಡಿಯಲು ಗಾಜಿನ ಲೋಟ ಬಳಸಿ. ಉದ್ದ ಕಾಲಿನ ಗ್ಲಾಸೇ ಬೇಕೆಂದಿಲ್ಲ. ಸಣ್ಣ ಗಾಜಿನ ಲೋಟದಲ್ಲಿ ಮೂರನೇ ಒಂದು ಭಾಗ ಹಾಕಿದರೆ ವಾಸನೆ ತೆಗೆದುಕೊಳ್ಳಲು ಜಾಗ ಉಳಿಯುತ್ತದೆ.

ಒಂದು ಮಾತನ್ನು ನೇರವಾಗಿ ಹೇಳಬೇಕು. ಈ ಊರಿನಲ್ಲಿ ಕುಡಿತದ ಬಗ್ಗೆ ಮಾತಾಡುವಾಗ ಹಗುರವಾಗಿ ಮಾತಾಡಲು ನನಗೆ ಆಗುವುದಿಲ್ಲ. ಸಾರಾಯಿಯಿಂದ ಹಾಳಾದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆ ನೆರವಾಗಲಿ ಎಂದು ರಾಜ್ಯ ಸರ್ಕಾರ ವೈನ್ ನೀತಿಯನ್ನೂ ತಂದಿತು. ಆದರೆ ವೈನ್ ಅಂದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಒಂದು ಬಾಟಲಿ 750 ಮಿಲಿ, ಅಂದರೆ 150 ಮಿಲಿಯ ಐದು ಗ್ಲಾಸ್. ನಮ್ಮ ಮನೆಯಲ್ಲಿ ಒಬ್ಬರಿಗೆ ಒಂದೇ ಗ್ಲಾಸ್, ಅದೂ ಊಟದ ಜೊತೆಗೆ, ವಾರಕ್ಕೊಮ್ಮೆ. ಉಳಿದದ್ದನ್ನು ಮುಚ್ಚಳ ಬಿಗಿದು ಫ್ರಿಜ್‌ನಲ್ಲಿ ಇಟ್ಟರೆ ಮೂರು ದಿನ ಚೆನ್ನಾಗಿಯೇ ಇರುತ್ತದೆ. ತೆರೆದಿದ್ದೇವಲ್ಲ ಎಂದು ಮುಗಿಸಬೇಕಾಗಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬಸುರಿಯರಿಗೆ, ಗಾಡಿ ಓಡಿಸುವವರಿಗೆ, 21 ತುಂಬದವರಿಗೆ ಬೇಡವೇ ಬೇಡ. ಕುಡಿಯದವರಿಗೆ ಒತ್ತಾಯವಂತೂ ಮಾಡಲೇಬೇಡಿ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಕೈ ಎತ್ತಿದರು. "ನಾವು ಲಿಂಗ ಕಟ್ಟಿದವ್ರು, ಕುಡಿಯಂಗಿಲ್ಲ ತಂಗಿ. ಇಷ್ಟೊತ್ತು ಕೇಳಿದ್ವಿ. ನಮಗೇನು ಹೇಳ್ತಿ?"

ನಮ್ಮ ಅತ್ತೆಯೂ ಕುಡಿಯುವುದಿಲ್ಲ, ಅವರಿಗಾಗಿ ನಾನು ಮಾಡುವುದನ್ನೇ ಹೇಳಿದೆ. ಲೆಕ್ಕ ಅದೇ. ಖಾರಕ್ಕೆ ತಂಪು, ಹುಳಿ, ಒಂದು ಎಳೆ ಸಿಹಿ. ಒಂದು ನಿಂಬೆಹಣ್ಣಿಗೆ ಎರಡು ಲೋಟ ನೀರು, ಒಂದೂವರೆ ಚಮಚ ಬೆಲ್ಲ, ಚಿಟಿಕೆ ಉಪ್ಪು, ಜಜ್ಜಿದ ಎರಡು ಕರಿಮೆಣಸು. ಸೋಸಿ ಗಡಿಗೆಯ ಪಕ್ಕ ತಂಪಿಗೆ ಇಡಿ. ಎಣಗಾಯಿಗೆ ಇದು ರೋಸೆ ಮಾಡುವ ಕೆಲಸವನ್ನೇ ಮಾಡುತ್ತದೆ. ಗುಂಟೂರಿನ ಹಿಂಡಿ ಇದ್ದರೆ ಮಜ್ಜಿಗೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಹಾಲಿನ ಪ್ರೋಟೀನ್ ಅದನ್ನು ನಾಲಿಗೆಯಿಂದ ಬಿಡಿಸಿಕೊಂಡು ಹೋಗುತ್ತದೆ. ಖಾರ ಇಳಿಸುವುದರಲ್ಲಿ ಯಾವ ವೈನೂ ಮಜ್ಜಿಗೆಗೆ ಸಮ ಇಲ್ಲ.

"ಹಂಗಾದ್ರ ನಮ್ಮವ್ವ ಮಾಡ್ತಿದ್ದದ್ದು ಇದನ್ನೇ ಬಿಡು" ಅಂದರು ಅಕ್ಕ. ಹೌದು ಅಕ್ಕಾ, ಅಂದೆ. ಹಿಂದಿನ ಕೋಣೆಯಿಂದ ರೊಟ್ಟಿಯ ವಾಸನೆ ಬರುತ್ತಿತ್ತು. ಆ ಅಕ್ಕನೇ ಮನೆಯಿಂದ ತಂದಿದ್ದ ಕೆಂಪು ಹಿಂಡಿಯ ಡಬ್ಬಿ ತೆರೆದರು. ಬ್ಯಾಡಗಿಯೋ ಗುಂಟೂರೋ ಎಂದು ಕೇಳಿ, ಮೊದಲ ಬಾಟಲಿಯ ಮುಚ್ಚಳ ತಿರುಗಿಸಿದೆ.